ಹದಿಮೂರನೇ ಸಾಲಿನ ಹೆಸರುಗಳು

ಆರ್ಸೇನಿ ಬರೆದಿಟ್ಟಿದ್ದ ಮೂರು ನೋಟ್‌ಬುಕ್‌ಗಳನ್ನು ಕಾಪಾಳಿಗೆ ಕೊಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಈ ಸಂಗತಿ ಕೇಳಿದವರೆಲ್ಲ ಅವಳು ಕದ್ದಳೇನೋ, ಕಸಿದುಕೊಂಡಳೇನೋ ಎಂದುಕೊಂಡರು. ಅವಳು ಕದಿಯಲಿಲ್ಲ. ಬಂದು ಕೇಳಿದಳು. ಎರಡು ಸಲ ಇಲ್ಲ ಎಂದೆ. ಮೂರನೇ ಸಲ ಹಳೆಯ ದಿಂಬಿನ ಚೀಲವೊಂದರಲ್ಲಿ ಸುತ್ತಿ ಅವಳ ಕೈಗಿಟ್ಟೆ.

ಆರ್ಸೇನಿ ನನ್ನ ಗಂಡ. ಲೆನಿನ್‌ಗ್ರಾದಿನ ವಸೀಲಿ ದ್ವೀಪದ ಶಾಲೆಯೊಂದರಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದ. ನಮ್ಮ ದ್ವೀಪದ ಉದ್ದುದ್ದ ಬೀದಿಗಳಿಗೆ ಹೆಸರಿಲ್ಲ, ಸಾಲುಗಳೆಂದು ಎಣಿಸುತ್ತೇವೆ, ಅಷ್ಟೇ. ನಮ್ಮದು ಹದಿಮೂರನೇ ಸಾಲು. ದೊರೆ ಪೀಟರ್ ಇಲ್ಲಿ ಬೀದಿಯ ಬದಲು ಕಾಲುವೆ ತೋಡಿಸಬೇಕೆಂದಿದ್ದನಂತೆ. ಒಂದೊಂದು ಸಾಲೂ ಕಾಲುವೆಯ ಒಂದೊಂದು ದಂಡೆ. ಕಾಲುವೆ ಬರಲೇ ಇಲ್ಲ, ದಂಡೆಗಳ ಎಣಿಕೆ ಮಾತ್ರ ಉಳಿಯಿತು. ಆರ್ಸೇನಿ ತನ್ನ ಮಕ್ಕಳನ್ನು ಬೀದಿಯ ನಟ್ಟನಡುವೆ ನಿಲ್ಲಿಸಿ, "ಈಗ ನೀವೆಲ್ಲ ಎದೆಮಟ್ಟ ನೀರಲ್ಲಿದೀರಿ. ಈಜು ಬರೋರು ಮಾತ್ರ ಕೈ ಎತ್ತಿ," ಅನ್ನುತ್ತಿದ್ದ. ಮಕ್ಕಳು ಕೈ ಎತ್ತಿ ಕಿರುಚುತ್ತಿದ್ದರು. ಟ್ರಾಮಿನವನು ಗಂಟೆ ಬಾರಿಸಿ ಬೈಯುತ್ತಿದ್ದ.

ನಮ್ಮ ಸಾಲಿನ ಚರಿತ್ರೆಯನ್ನು ಅವನು ಮನೆ ಮನೆಯಾಗಿ ಬರೆಯುತ್ತಿದ್ದ. ಈ ಮನೆ ಕಟ್ಟಿಸಿದವನು ಯಾವ ವ್ಯಾಪಾರಿ, ಆ ಅಟ್ಟದಲ್ಲಿ ಯಾವ ಬಡ ಚಿತ್ರಕಾರ ಬಾಡಿಗೆಗಿದ್ದ, ಇಂಥವು. ಯುದ್ಧ ಬಂದಾಗ ಇಪ್ಪತ್ತೆರಡನೇ ಮನೆಯವರೆಗೆ ಮುಟ್ಟಿದ್ದ. ಶ್ವಾಸಕೋಶ ಕೆಟ್ಟಿದ್ದರಿಂದ ಸೈನ್ಯಕ್ಕೆ ಅವನನ್ನು ತೆಗೆದುಕೊಳ್ಳಲಿಲ್ಲ. ನಲವತ್ತೊಂದರ ಸೆಪ್ಟೆಂಬರಿನಲ್ಲಿ ಜರ್ಮನರು ಊರನ್ನು ಸುತ್ತುಗಟ್ಟಿದರು. ನವೆಂಬರಿನ ಹೊತ್ತಿಗೆ ನಮ್ಮಂಥವರ ಪಾಲಿಗೆ ದಿನಕ್ಕೆ ನೂರಿಪ್ಪತ್ತೈದು ಗ್ರಾಂ ಬ್ರೆಡ್ ಆಯಿತು. ಅದರಲ್ಲೂ ಹಿಟ್ಟೆಷ್ಟು, ಮರದ ಪುಡಿಯೆಷ್ಟು ಎಂದು ಯಾರೂ ಕೇಳಲಿಲ್ಲ. ಆಗ ಅವನು ಹಳೆಯ ಚರಿತ್ರೆ ಬಿಟ್ಟು ಹೊಸ ನೋಟ್‌ಬುಕ್ ತೆರೆದ. ಕೋಲೂರಿಕೊಂಡು ಮನೆಯಿಂದ ಮನೆಗೆ ಹೋಗಿ, ಯಾವ ಮಹಡಿಯಲ್ಲಿ ಯಾರು ಸತ್ತರು, ಎಷ್ಟು ವಯಸ್ಸು, ಯಾವ ದಿನ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡು ಬರತೊಡಗಿದ. ಶಾಯಿ ಹೆಪ್ಪುಗಟ್ಟಿ ಎಷ್ಟೋ ದಿನವಾಗಿತ್ತು.

"ಇರೋ ಶಕ್ತೀನ ಮೆಟ್ಟಿಲು ಹತ್ತೋಕೆ ಸುರೀತಿದೀಯಲ್ಲ, ಯಾರಿಗೆ ಬೇಕು ಇದು?" ಎಂದು ನಾನು ಬೈದೆ.

"ಈ ಊರು ಕಟ್ಟುವಾಗ ಕೆಸರಲ್ಲಿ ಕಂಬ ಹೊಡೀತಾ ಸತ್ತ ಕೂಲಿಗಳಿದ್ರಲ್ಲ, ಅವರ ಹೆಸರು ಹುಡುಕ್ತಾ ಹದಿನೈದು ವರ್ಷ ಕಳೆದೆ, ತಾಸ್ಯ. ದಫ್ತರಗಳೆಲ್ಲ ತಿರುವಿ ಹಾಕ್ದೆ. ಒಂದು ಹೆಸರೂ ಸಿಗ್ಲಿಲ್ಲ. ಇವರದಾದ್ರೂ ಇರಲಿ."

ಬರವಣಿಗೆಯಲ್ಲಿ ಅಳು ಇರಲಿಲ್ಲ, ಬೈಗುಳವೂ ಇರಲಿಲ್ಲ. ಹೆಸರು, ವಯಸ್ಸು, ಕಸುಬು, ದಿನ. ಎಲ್ಲೋ ಒಂದೊಂದು ಕಡೆ ಮಾತ್ರ ಒಂದೆರಡು ವಾಕ್ಯ ಹೆಚ್ಚಿಗೆ. ಫೆಬ್ರವರಿ ಮೂರರಂದು ಹೀಗೆ ಬರೆದಿದ್ದ: "ಒಂದು ತಿಂಗಳಿಂದ ನಮ್ಮ ಸಾಲಿಗೆ ಯಾರೂ ಬಂದು ವಿಚಾರಿಸಿಲ್ಲ. ನಾವು ಇದ್ದೇವೆಂಬುದು ಅವರಿಗೆ ಮರೆತಿದೆ." ಎಂಟು ದಿನದ ಮೇಲೆ ಅವನೇ ಹೋದ. ಅವನ ಹೆಸರನ್ನು ಅದೇ ನೋಟ್‌ಬುಕ್ಕಿನಲ್ಲಿ ನಾನೇ ಬರೆದೆ. ಅದು ಇನ್ನೂರ ಹದಿನಾಲ್ಕನೆಯ ಹೆಸರು, ಕೊನೆಯದು.

ಆಮೇಲೆ ನಾನು ಹಾಸಿಗೆ ಹಿಡಿದೆ. ಕಾಯಿಲೆಯೇನೂ ಇರಲಿಲ್ಲ. ಏಳುವುದು ಯಾಕೆ ಎಂದು ತಿಳಿಯಲಿಲ್ಲ, ಅಷ್ಟೇ.

ಕಾಪಾ ನಮ್ಮ ಪಕ್ಕದ ಕೋಣೆಯವಳು. ಪೂರ್ತಿ ಹೆಸರು ಕಪಿತೋಲಿನಾ ಯೆಗೋರೊವ್ನಾ. ಹತ್ತಿರದ ಗ್ರಂಥಾಲಯದಲ್ಲಿ ಕೆಲಸ. ಗಂಡ ಯುದ್ಧದ ಮೊದಲ ತಿಂಗಳಲ್ಲೇ ಸತ್ತಿದ್ದ. ಮಗಳು ರಿಮ್ಮಾಳನ್ನು ಬೇಸಿಗೆಯಲ್ಲೇ ಶಾಲೆಯವರು ಉರಾಲ್ ಕಡೆಗೆ ಕಳಿಸಿದ್ದರು. ಒಂದು ಬಾಗಿಲು, ಒಂದು ಅಡುಗೆಮನೆ, ಏಳು ಕೋಣೆ, ಏಳು ಸಂಸಾರ, ಅಂಥ ಮನೆ ನಮ್ಮದು. ಆ ಫೆಬ್ರವರಿಯಲ್ಲಿ ಅದರೊಳಗೆ ಉಸಿರಾಡುತ್ತಿದ್ದವರು ನಾವಿಬ್ಬರೇ.

ಮೂರನೇ ದಿನ ಅವಳು ಒಳಗೆ ಬಂದು ನನ್ನ ಮೇಲಿದ್ದ ಕೋಟುಗಳನ್ನೆಲ್ಲ ಎಳೆದು ಹಾಕಿದಳು.

"ಏಳೇ."

"ಬಿಟ್ಬಿಡು ಕಾಪಾ."

"ಬಿಡಲ್ಲ. ಸಾಯೋ ಆಸೆ ಇದ್ರೆ ಏಪ್ರಿಲ್ ತನಕ ತಡ್ಕೋ. ಈಗ ನೆಲ ಕಲ್ಲಾಗಿದೆ, ನಿನಗೆ ಗುಂಡಿ ತೋಡೋಕೆ ನನ್ನ ಕೈಲಾಗಲ್ಲ."

ಬಡಗಿಯ ಅಂಟನ್ನು ಕುದಿಸಿ ಆರಿಸಿದರೆ ಹೆಪ್ಪುಗಟ್ಟುತ್ತದೆ. ಅದನ್ನೇ ತಟ್ಟೆಯಲ್ಲಿ ತಂದಿದ್ದಳು. ನಾನು ಬಾಯಿ ತೆರೆಯಲಿಲ್ಲ. ಅವಳು ಹಾಸಿಗೆಯ ಅಂಚಿಗೆ ಕೂತು, ಹಟಮಾರಿ ಮಗುವಿಗೆ ತಿನ್ನಿಸುವ ಹಾಗೆ, "ಈ ಚಮಚ ಆರ್ಸೇನಿಗೆ. ಇದು ರಿಮ್ಮಾಗೆ. ಇದು ಆ ಟ್ರಾಮಿನವನಿಗೆ, ಪಾಪ ಬೈದೂ ಬೈದೂ ಸುಸ್ತಾಗಿದ್ದ," ಎಂದು ಒಂದೊಂದಾಗಿ ಬಾಯಿಗಿಟ್ಟಳು. ತನ್ನ ಬ್ರೆಡ್ಡಿನ ತುಂಡನ್ನೂ ಮುರಿದು ಕೊಟ್ಟಳು. ಮಾರನೇ ದಿನ ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ನೆವಾ ನದಿಗೆ ಎಳೆದುಕೊಂಡು ಹೋದಳು. ಮಂಜುಗಡ್ಡೆಯಲ್ಲಿ ಕೊರೆದ ತೂತಿನಿಂದ ನೀರು ತುಂಬಿಕೊಂಡು ಇಬ್ಬರೂ ವಾಪಸು ಬಂದೆವು. ನಾನು ಬದುಕಿದ್ದು ಅವಳಿಂದ. ಈ ಮಾತನ್ನು ಆಗಲೂ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ನಲವತ್ತನಾಲ್ಕರ ಜನವರಿಯಲ್ಲಿ ಮುತ್ತಿಗೆ ಕಳಚಿತು. ಆ ವರ್ಷದ ಬೇಸಿಗೆಯಲ್ಲಿ ಕಾಪಾಳಿಗೆ ಹೊಸ ಕೆಲಸ ಬಂತು. ದ್ವೀಪದಲ್ಲಿ ಮುಚ್ಚಿಹೋಗಿದ್ದ ಶಾಲೆಯೊಂದರ ವ್ಯಾಯಾಮದ ಹಾಲಿನಲ್ಲಿ ಮುತ್ತಿಗೆಯ ಕಾಲದ ಸಾಮಾನುಗಳನ್ನು ಕೂಡಿಸಿ ಜನರಿಗೆ ತೋರಿಸುವುದು. ಕೈಗಾಡಿ ತಳ್ಳಿಕೊಂಡು ಅವಳು ಸಾಲು ಸಾಲು ತಿರುಗಿದಳು. ಜನ ಕೊಟ್ಟದ್ದು ತಗಡಿನ ಒಲೆ, ಹೆಣ ಎಳೆದ ಮಕ್ಕಳ ಜಾರುಬಂಡಿ, ಕಲ್ಲಾದ ಬ್ರೆಡ್ ತುಂಡು, ಕಿಟಕಿಗೆ ಅಂಟಿಸಿದ್ದ ಕಾಗದದ ಪಟ್ಟಿ. ಹಡಗು ಕಾರ್ಖಾನೆಯಲ್ಲಿ ನಕ್ಷೆ ಬರೆಯುವವಳು ನಾನು. ನನ್ನ ಅಕ್ಷರ ದುಂಡಗಿದೆ ಎಂದು, ಕೆಲಸ ಮುಗಿಸಿ ಬಂದ ಮೇಲೆ ಸಾಮಾನಿನ ಕೆಳಗಿಡುವ ಚೀಟಿಗಳನ್ನೆಲ್ಲ ನನ್ನ ಕೈಲಿ ಬರೆಸುತ್ತಿದ್ದಳು.

ಆಗಲೇ ನೋಟ್‌ಬುಕ್ ಕೇಳಿದ್ದು.

"ನಿನ್ನ ಪೆಟ್ಟಿಗೇಲಿ ಇಟ್ಕೊಂಡು ಏನ್ ಮಾಡ್ತೀಯ? ಇಲಿ ತಿನ್ನತ್ತೆ."

"ಇಲಿಗಳನ್ನ ನಾವೇ ತಿಂದು ಮುಗಿಸಿದೀವಿ," ಎಂದೆ.

ಅವಳು ನಕ್ಕಳು. ಎರಡನೇ ಸಲವೂ ನಗಿಸಿಯೇ ಕಳಿಸಿದೆ. ಮೂರನೇ ಸಲ ಅವಳು ನಗಲಿಲ್ಲ. "ಅವನು ಬರೆದಿದ್ದು ನಿನಗೋಸ್ಕರ ಅಲ್ಲ ತಾಸ್ಯ. ಅದು ನಿನಗೂ ಗೊತ್ತು," ಎಂದಳು.

"ಒಂದು ನಕಲು ಮಾಡ್ಕೊಂಡು ಕೊಡ್ತೀನಿ," ಎಂದೆ.

"ಕಣ್ಣು ಯಾಕೆ ಕೆಡಿಸ್ಕೊಳ್ತೀಯ? ವಾರವಾರ ಅಲ್ಲಿಗೇ ಬರ್ತೀಯಲ್ಲ, ಬಂದಾಗ ಓದ್ಕೋ. ನಿನ್ನ ಪೆಟ್ಟಿಗೆಗಿಂತ ಭದ್ರವಾಗಿರತ್ತೆ."

ನಕಲು ಮಾಡಲಿಲ್ಲ. ಕೊಟ್ಟೆ.

ಮೊದಲ ನಾಲ್ಕೈದು ವರ್ಷ ಅವಳ ಮಾತು ಸುಳ್ಳಾಗಲಿಲ್ಲ. ನೋಟ್‌ಬುಕ್‌ಗಳು ಹಾಲಿನ ಬಲಗೋಡೆಗೆ, ಗಾಜಿನ ಕೆಳಗೆ ಇದ್ದವು. ಒಂದೊಂದು ವಾರ ಒಂದೊಂದು ಪುಟ ತೆರೆದಿಡುತ್ತಿದ್ದೆವು. ಪುಟ ತಿರುಗಿಸುವ ಕೆಲಸ ನನ್ನದು, ಮಂಗಳವಾರ. ಬಂದ ಜನ ಒಲೆ, ಜಾರುಬಂಡಿ ನೋಡಿ ಸುಮ್ಮನೆ ಮುಂದೆ ಹೋಗುತ್ತಿದ್ದರು. ಅವೆಲ್ಲ ಅವರ ಮನೆಯಲ್ಲೂ ಇದ್ದವೇ. ನೋಟ್‌ಬುಕ್ಕಿನ ಮುಂದೆ ನಿಂತು ಬಿಡುತ್ತಿದ್ದರು. "ಮೂವತ್ತೆಂಟನೇ ಮನೆ ಯಾವ ವಾರ ಬರತ್ತಮ್ಮ?" ಎಂದು ಕೇಳಿಕೊಂಡು ಹೋಗಿ, ಆ ವಾರ ತಲೆಗೆ ಒಳ್ಳೆಯ ವಸ್ತ್ರ ಕಟ್ಟಿಕೊಂಡು ಬರುತ್ತಿದ್ದರು. ಸತ್ತವರನ್ನು ಆ ಚಳಿಗಾಲದಲ್ಲಿ ಲಾರಿಯಲ್ಲಿ ಒಯ್ದು ಒಟ್ಟಿಗೆ ಹೂಳಿದ್ದರು. ಯಾರ ಗೋರಿ ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ.

ನಲವತ್ತೆಂಟನೇ ಮನೆಯ ಪೆಲಗೇಯಾ ಅಜ್ಜಿ ಮಾತ್ರ ತನ್ನ ಪುಟದ ವಾರಕ್ಕೆ ಕಾಯುತ್ತಿರಲಿಲ್ಲ, ಪ್ರತಿ ವಾರ ಬರುತ್ತಿದ್ದಳು. ಅವಳ ಮಗಳು, ಇಬ್ಬರು ಮೊಮ್ಮಕ್ಕಳು ಎರಡನೇ ನೋಟ್‌ಬುಕ್ಕಿನಲ್ಲಿದ್ದರು. ಓದು ಬಾರದವಳು. ಗಾಜಿನ ಮೇಲೆ ಬೆರಳಿಟ್ಟು, "ಇದಾ?" ಎನ್ನುವಳು.

"ಅದು ಬೇರೆಯವರದು ಅಜ್ಜಿ. ನಿಮ್ಮವರು ಒಳಗಿದಾರೆ, ಇದೇ ಪುಸ್ತಕದಲ್ಲಿ."

"ಒಳಗಿದಾರಲ್ಲ, ಸಾಕು," ಎಂದು ಕರವಸ್ತ್ರದಿಂದ ಒಂದು ಚೂರು ಬ್ರೆಡ್ ತೆಗೆದು ಗಾಜಿನ ಮೇಲಿಟ್ಟು ಹೋಗುವಳು. ಸಾಮಾನಿನ ಮೇಲೆ ತಿನ್ನುವ ಪದಾರ್ಥ ಇಡಬಾರದೆಂದು ನಿಯಮವಿತ್ತು. ಕಾಪಾ ಅಂಥ ಹೊತ್ತಿನಲ್ಲಿ ಕಿಟಕಿಯ ಕಡೆ ತಿರುಗಿ ಏನೋ ಹುಡುಕುವವಳಂತೆ ನಿಲ್ಲುತ್ತಿದ್ದಳು. ಅಜ್ಜಿ ಹೋದ ಮೇಲೆ ಆ ಚೂರನ್ನು ಹಕ್ಕಿಗಳಿಗೆ ಹಾಕುತ್ತಿದ್ದಳು. ಇಂಥವಳು ಕಾಪಾ.

ನಲವತ್ತೊಂಬತ್ತರಲ್ಲಿ ಗಾಳಿ ಬದಲಾಯಿತು. ಮುತ್ತಿಗೆಯ ಕಾಲದಲ್ಲಿ ಊರು ನಡೆಸಿದ್ದ ದೊಡ್ಡವರು ಒಬ್ಬೊಬ್ಬರಾಗಿ ಕುರ್ಚಿ ಕಳೆದುಕೊಂಡರು, ಆಮೇಲೆ ಕಾಣೆಯಾದರು. ನಮ್ಮ ಹಾಲಿನ ಗೋಡೆಯಿಂದಲೂ ಭಾವಚಿತ್ರಗಳು ಇಳಿದವು. ಗೋಡೆಯಲ್ಲಿ ಬಿಳಿಯ ಚೌಕಗಳು ಉಳಿದವು. ಊರಿನ ದೊಡ್ಡ ಮುತ್ತಿಗೆ ಮ್ಯೂಸಿಯಂ ಬಾಗಿಲು ಹಾಕಿದೆ ಎಂದು ಸುದ್ದಿ ಬಂತು. ಮುತ್ತಿಗೆಯ ಮಾತನ್ನು ಜನ ಅಂಗಡಿಯ ಸಾಲಿನಲ್ಲಿ ನಿಂತಾಗಲೂ ಆಡದಾದರು.

ಸೆಪ್ಟೆಂಬರಿನಲ್ಲಿ ಬೂದು ಕೋಟಿನವನೊಬ್ಬ ನಮ್ಮಲ್ಲಿಗೂ ಬಂದ. ಯಾವ ಕಚೇರಿಯಿಂದ ಎಂದು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸುತ್ತು ಹಾಕಿ, "ಇಷ್ಟೊಂದು ಸಾವು ಯಾಕೆ? ಗೆದ್ದದ್ದು ನಾವೋ ಅವರೋ, ಇದನ್ನ ನೋಡಿದ್ರೆ ಗೊತ್ತೇ ಆಗಲ್ವಲ್ಲ," ಎಂದ. ಕಾಪಾ ಬರೆದುಕೊಂಡಳು. ಮಾರನೇ ದಿನ ನನಗೆ ಹೊಸ ಚೀಟಿಗಳನ್ನು ಬರೆಯಲು ಕೊಟ್ಟಳು. "ಹಸಿವು" ಇದ್ದಲ್ಲೆಲ್ಲ "ತೊಂದರೆ" ಎಂದು. ನಲವತ್ತು ಚೀಟಿ. ದುಂಡಗೆ ಬರೆದುಕೊಟ್ಟೆ. ಅದರಲ್ಲಿ ನನ್ನ ಪಾಲೂ ಇದೆ, ಮುಚ್ಚಿಡುವುದಿಲ್ಲ.

ಬರೆದು ಮುಗಿಸಿ ಕೇಳಿದೆ. "ಕಾಪಾ, ಆರ್ಸೇನಿ ನೋಟ್‌ಬುಕ್ ವಾಪಸ್ ಕೊಡು. ಮನೆಗೆ ಒಯ್ತೀನಿ."

"ಈಗ ಆಗಲ್ಲ ಕಣೇ. ಪಟ್ಟಿಗೆ ಏರಿದೆ. ತೆಗೆದ್ರೆ ಯಾಕೆ ತೆಗೆದ್ರಿ ಅಂತಾರೆ. ಸ್ವಲ್ಪ ದಿನ ಸುಮ್ಮನಿರು. ನಾನಿದೀನಲ್ಲ."

ನಾನಿದೀನಲ್ಲ ಎಂದಳು. ನಾನು ನೆಮ್ಮದಿಯಾಗಿ ಮನೆಗೆ ಬಂದು ಎಲೆಕೋಸಿನ ಸಾರು ಮಾಡಿದೆ. ಅವಳಿಗೂ ರಿಮ್ಮಾಳಿಗೂ ಒಂದೊಂದು ಬಟ್ಟಲು ತೆಗೆದಿಟ್ಟೆ. ರಿಮ್ಮಾ ಆಗ ಹದಿನೇಳರ ಹುಡುಗಿ. ವೈದ್ಯಕೀಯ ಓದಲು ಸೀಟು ಸಿಕ್ಕಿತ್ತು. ಉರಾಲಿನಿಂದ ಬಂದಾಗಿನಿಂದ ಅವಳು ಅರ್ಧ ನನ್ನ ಕೋಣೆಯಲ್ಲೇ ಬೆಳೆದವಳು. "ತಾಸ್ಯ ಚಿಕ್ಕಮ್ಮ, ಇದನ್ನ ಓದಿ ಹೇಳು," "ತಾಸ್ಯ ಚಿಕ್ಕಮ್ಮ, ಜಡೆ ಹಾಕು."

ಹತ್ತು ದಿನ ಕಳೆದು, ಒಂದು ಗುರುವಾರ ಮಧ್ಯಾಹ್ನ ಮೂರು ಗಂಟೆಗೆ, ಅದೇ ಹಾಲಿನಲ್ಲಿ ಸಭೆ ಎಂದು ಕರೆ ಬಂತು. ಪಕ್ಕದ ಗ್ರಂಥಾಲಯದವರು, ಶಾಲೆಯವರು, ಹಾಲಿಗೆ ಸಾಮಾನು ಕೊಟ್ಟ ಕೆಲವರು, ಎಲ್ಲ ಸೇರಿ ಅರವತ್ತು ಜನ. ನಾನು ಮೂರನೇ ಸಾಲಿನಲ್ಲಿ ಕೂತೆ. ಮೇಜಿನ ಹಿಂದೆ ಬೂದು ಕೋಟಿನವನು. ಏನೋ ಕಟ್ಟುನಿಟ್ಟಿನ ಭಾಷಣ ಇರಬಹುದು, ಹೊಸ ಚೀಟಿಗಳ ಬಗ್ಗೆ ಎರಡು ಮಾತು ಇರಬಹುದು ಎಂದುಕೊಂಡಿದ್ದೆ.

ಕಾಪಾ ಎದ್ದು ನಿಂತಳು. ಕಂದು ಬಣ್ಣದ ಉಡುಪು, ಅದರ ಕೊರಳಪಟ್ಟಿಗೆ ನಾನೇ ಕಸೂತಿ ಹಾಕಿಕೊಟ್ಟಿದ್ದೆ. ಅವಳ ಕೈಯಲ್ಲಿ ಆರ್ಸೇನಿಯ ಮೂರನೇ ನೋಟ್‌ಬುಕ್ ಇತ್ತು. ಗ್ರಂಥಾಲಯದಲ್ಲಿ ಮಕ್ಕಳಿಗೆ ಕಥೆ ಓದುವಾಗಿನ ಅದೇ ತಿಳಿಯಾದ ದನಿಯಲ್ಲಿ ಓದಿದಳು.

"'ಒಂದು ತಿಂಗಳಿಂದ ನಮ್ಮ ಸಾಲಿಗೆ ಯಾರೂ ಬಂದು ವಿಚಾರಿಸಿಲ್ಲ. ನಾವು ಇದ್ದೇವೆಂಬುದು ಅವರಿಗೆ ಮರೆತಿದೆ.' ಅವರಿಗೆ ಅಂದ್ರೆ ಯಾರಿಗೆ, ಸಂಗಾತಿಗಳೇ? ಶತ್ರು ಹೊಸ್ತಿಲಲ್ಲಿ ನಿಂತಿದ್ದಾಗ ಊರಿನವರೆಲ್ಲ ದುಡೀತಿದ್ರು, ಕಾದಾಡ್ತಿದ್ರು. ಈ ಮೇಷ್ಟ್ರು ಮಾತ್ರ ಮನೆಮನೆಗೆ ಹೋಗಿ ಸತ್ತವರನ್ನ ಬರ್ಕೊಳ್ತಿದ್ರು. ಯಾರಿಗೆ ಒಪ್ಪಿಸೋಕೆ? ಇಂಥ ಬರಹ ಐದು ವರ್ಷ ನಮ್ಮ ಗಾಜಿನ ಕೆಳಗಿತ್ತು. ಅದನ್ನ ಗಮನಿಸದೆ ಇದ್ದದ್ದು ನನ್ನ ತಪ್ಪು. ಒಪ್ಕೊಳ್ತೀನಿ."

ಹೇಗೆ ಎದ್ದೆನೋ ಗೊತ್ತಿಲ್ಲ.

"ನೀನೇ ಬಂದು ಕೇಳಿದ್ದು ಕಾಪಾ. ಮೂರು ಸಲ ಕೇಳಿದೆ."

ಬೂದು ಕೋಟಿನವನು ತಲೆ ಎತ್ತಿ ನನ್ನನ್ನು ನೋಡಿದ, ಪೆನ್ನು ಹಿಡಿದುಕೊಂಡ. ಕಾಪಾ ನನ್ನ ಕಡೆ ನೋಡಲಿಲ್ಲ. ನನ್ನ ತಲೆಯ ಮೇಲಿನಿಂದ ಹಿಂದಿನ ಗೋಡೆಯನ್ನು ನೋಡುತ್ತ ಹೇಳಿದಳು. "ಸಂಗಾತಿ ತಾಸಿಯಾ ಮತ್ವೆಯೆವ್ನಾ ದುಃಖದಲ್ಲಿದಾರೆ. ಗಂಡ ಬರೆದಿದ್ದನ್ನ ಅವರು ಪೂರ್ತಿ ಓದಿಲ್ಲ. ಅದರಲ್ಲಿ ಏನಿದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಅಲ್ವಾ, ತಾಸಿಯಾ ಮತ್ವೆಯೆವ್ನಾ?"

ಹದಿನಾರು ವರ್ಷದಲ್ಲಿ ಅವಳು ನನ್ನನ್ನು ಹಾಗೆ ಉದ್ದ ಹೆಸರಿನಿಂದ ಕರೆದದ್ದು ಅದೇ ಮೊದಲು.

ಓದಿದ್ದೇನೆ, ಕೊನೆಯ ಹೆಸರು ನಾನೇ ಬರೆದದ್ದು ಎನ್ನಬೇಕಿತ್ತು. ಬಾಯಿ ತೆರೆದೆ. ಬೂದು ಕೋಟಿನವನ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಬಾಯಿ ಮುಚ್ಚಿ ಕೂತುಕೊಂಡೆ.

ಆ ಬರಹ ಜನದ್ರೋಹದ್ದು ಎಂದು ಒಪ್ಪುವವರು ಕೈ ಎತ್ತಿ ಎಂದರು. ಹಾಲಿನ ತುಂಬ ಕೈಗಳು ಮೇಲೇರಿದವು. ತಲೆಗೆ ಒಳ್ಳೆಯ ವಸ್ತ್ರ ಕಟ್ಟಿಕೊಂಡು ತಮ್ಮ ಪುಟ ನೋಡಲು ಬರುತ್ತಿದ್ದವರ ಕೈಗಳೂ ಅದರಲ್ಲಿದ್ದವು. ನನ್ನ ಕೈ ತೊಡೆಯ ಮೇಲೇ ಇತ್ತು. ಯಾರೂ ಅದನ್ನು ಕೇಳಲಿಲ್ಲ.

ಪೆಲಗೇಯಾ ಅಜ್ಜಿ ಬಾಗಿಲ ಹತ್ತಿರ ಕೂತಿದ್ದಳು. ಸಭೆ ಮುಗಿದು ಜನ ನನ್ನನ್ನು ಮುಟ್ಟದ ಹಾಗೆ ಪಕ್ಕಕ್ಕೆ ಸರಿದು ಹೋಗುತ್ತಿರುವಾಗ, ಅವಳೊಬ್ಬಳು ಬಂದು ನನ್ನ ತೋಳು ಹಿಡಿದಳು.

"ಪುಸ್ತಕ ತೆಗೆದುಬಿಡ್ತಾರಂತಲ್ಲ ಮಗಾ. ಇನ್ನು ನಾನು ಬ್ರೆಡ್ ಎಲ್ಲಿಡ್ಲಿ?"

ಮಾರನೇ ಬೆಳಿಗ್ಗೆ ಮೂರೂ ನೋಟ್‌ಬುಕ್‌ಗಳನ್ನು, ಬೇರೆ ಒಂದಷ್ಟು ಕಾಗದದ ಜೊತೆಗೆ, ಅಂಗಳದ ಬಾಯ್ಲರಿಗೆ ಹಾಕಿದರು. ಬುಟ್ಟಿ ಹೊತ್ತುಕೊಂಡು ಹೋದವಳು ಕಾಪಾ. ಬೆಂಕಿ ನೋಡಿಕೊಳ್ಳುತ್ತಿದ್ದವನೇ ಆಮೇಲೆ ನನಗೆ ಹೇಳಿದ. ಅವಳು ಬುಟ್ಟಿ ಇಳಿಸಿ, ಅಲ್ಲೇ ಕಲ್ಲಿದ್ದಲ ರಾಶಿಯ ಮೇಲೆ ಬಹಳ ಹೊತ್ತು ಕೂತಿದ್ದಳಂತೆ. ಹಾಕಮ್ಮ ಎಂದು ಅವನು ಎರಡು ಸಲ ಹೇಳಬೇಕಾಯಿತಂತೆ.

ಆ ಸಂಜೆ ನಾನು ಅಡುಗೆಮನೆಗೆ ಹೋದಾಗ ಅವಳು ಕ್ಯಾರೆಟ್ ಹೆರೆಯುತ್ತಿದ್ದಳು. ರಿಮ್ಮಾ ನನ್ನನ್ನು ನೋಡಿ, ತಟ್ಟೆ ಹಿಡಿದುಕೊಂಡು ಕೋಣೆಗೆ ಹೋದಳು.

"ಕೂತ್ಕೋ," ಎಂದಳು ಕಾಪಾ.

ನಾನು ನಿಂತೇ ಇದ್ದೆ.

"ನಿನ್ನ ಹೆಸರನ್ನೇ ಬರ್ಕೊಂಡು ಬಂದಿದ್ದ ಆ ಬೂದು ಕೋಟಿನವನು. ನಿನ್ನದು, ನನ್ನದು, ಇಬ್ಬರದೂ. ರಿಮ್ಮಾ ಸೀಟಿನ ವಿಷಯ ಅವನೇ ಎತ್ತಿದ. ನಾನು ಸತ್ತವನ ಮೇಲೆ ಹಾಕ್ದೆ. ಸತ್ತವನನ್ನ ಎಲ್ಲಿಗೆ ಕಳಿಸ್ತಾರೆ ತಾಸ್ಯ? ಯಾವ ಸೈಬೀರಿಯಾಕ್ಕೆ ಕಳಿಸ್ತಾರೆ?"

"ನನಗೆ ಮೊದಲೇ ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಒಪ್ತಿರ್ಲಿಲ್ಲ. ಎದ್ದು ನಿಂತು ಏನಾದ್ರೂ ಅಂದುಬಿಡ್ತಿದ್ದೆ. ಇಬ್ಬರೂ ಹೋಗ್ತಿದ್ವಿ."

"ನಾನಿದೀನಲ್ಲ ಅಂದಿದ್ದೆ ನೀನು."

ಅವಳು ಕ್ಯಾರೆಟ್ ಕೆಳಗಿಟ್ಟಳು. "ಇದ್ದದ್ದಕ್ಕೇ ನೀನು ಇವತ್ತು ಇಲ್ಲಿ ನಿಂತಿದೀಯ."

"ಆರ್ಸೇನಿ ಯಾರಿಗೋ ಒಪ್ಪಿಸೋಕೆ ಬರೆದ ಅಂದ್ಯಲ್ಲ, ಅದನ್ನ ಆ ಬೂದು ಕೋಟಿನವನು ಹೇಳಿಕೊಟ್ನಾ, ನೀನೇ ಸೇರಿಸ್ದ್ಯಾ?"

ಅವಳು ಮತ್ತೆ ಕ್ಯಾರೆಟ್ ಎತ್ತಿಕೊಂಡು ಹೆರೆಯತೊಡಗಿದಳು. ಅಲ್ಲಿಗೆ ನಮ್ಮಿಬ್ಬರ ಮಾತು ನಿಂತಿತು. ಎಂಟು ವರ್ಷ ನಿಂತಿತು.

ಜೈಲಿಗೆ ಹಾಕಲಿಲ್ಲ, ಊರು ಬಿಡಿಸಲಿಲ್ಲ. ಅವಳ ಲೆಕ್ಕಾಚಾರ ಅಷ್ಟರಮಟ್ಟಿಗೆ ಸರಿಯಾಗಿತ್ತು. ಕಾರ್ಖಾನೆಯ ನಕ್ಷೆ ಕೋಣೆಗೆ ಮಾತ್ರ ನನ್ನನ್ನು ಮತ್ತೆ ಸೇರಿಸಲಿಲ್ಲ. ಅಲ್ಲಿನ ಕಾಗದ ನೋಡಲು ನಂಬಿಕಸ್ತರೇ ಬೇಕು. ಹತ್ತೊಂಬತ್ತನೇ ಸಾಲಿನ ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸ ಹಿಡಿದೆ. ಹಬೆಯಲ್ಲಿ ಬೆರಳುಗಳು ಊದಿ, ದುಂಡನೆಯ ಅಕ್ಷರವೂ ಹೋಯಿತು. ಹಾಲಿಗೆ ಬೀಗ ಬಿತ್ತು, ಆಮೇಲೆ ಅಲ್ಲಿ ಸೈಕಲ್ ದಾಸ್ತಾನು ಇಟ್ಟರು.

ಕಾಪಾಳೂ ನಾನೂ ಅದೇ ಮನೆಯಲ್ಲಿ, ಅದೇ ಗೋಡೆಯ ಆಚೆ ಈಚೆ ಇದ್ದೆವು. ಬೇರೆ ಕೋಣೆ ಕೇಳಿದರೆ ಯಾರು ಕೊಡುತ್ತಾರೆ? ಅವಳು ಏಳಕ್ಕೆ ಒಲೆ ಹಚ್ಚುತ್ತಾಳೆಂದು ನಾನು ಆರೂವರೆಗೇ ಚಹಾ ಮುಗಿಸುತ್ತಿದ್ದೆ. ಅವಳ ಕೆಮ್ಮು ನನಗೆ ಕೇಳಿಸುತ್ತಿತ್ತು, ನನ್ನ ನಿಟ್ಟುಸಿರು ಅವಳಿಗೆ ಕೇಳಿಸಿರಬೇಕು. ರಿಮ್ಮಾ ಕೋಣೆಗಳ ನಡುವಿನ ಹಾದಿಯಲ್ಲಿ ಎದುರಾದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದಳು. ಒಂದು ಸಲ ನಾನು ಜ್ವರದಲ್ಲಿ ಬಿದ್ದಾಗ ಬಾಗಿಲ ಹೊರಗೆ ಒಂದು ಬಟ್ಟಲು ಸಾರು ಬಂದು ಕೂತಿತ್ತು. ನಾನದನ್ನು ಮುಟ್ಟಲಿಲ್ಲ. ಸಂಜೆ ಅದು ಅಲ್ಲಿರಲಿಲ್ಲ.

ಹೆಸರುಗಳನ್ನು ಮತ್ತೆ ಕೂಡಿಸಲು ಹೊರಟದ್ದು ಐವತ್ತೊಂದರಲ್ಲಿ. ನೆನಪಿದ್ದವನ್ನು ಮೊದಲು ಬರೆದೆ. ಅರವತ್ತು ಚಿಲ್ಲರೆ. ಉಳಿದವಕ್ಕೆ ಬಾಗಿಲು ತಟ್ಟಿದೆ. ಇಪ್ಪತ್ತೆರಡನೇ ಮನೆಯ ಟೋಪಿ ಹೊಲಿಯುವವನು, ಒಂದು ಕಾಲದಲ್ಲಿ ಆರ್ಸೇನಿಗೆ ಕುರ್ಚಿ ಹಾಕಿ ಕೂರಿಸಿ ತನ್ನ ತಮ್ಮಂದಿರ ಹೆಸರು ಹೇಳಿದವನು, ಈಗ ಬಾಗಿಲ ಸಂದಿಯಿಂದಲೇ ಮಾತಾಡಿದ. "ನನಗೆ ತಮ್ಮಂದಿರೇ ಇರ್ಲಿಲ್ಲಮ್ಮ. ನೀವು ಬೇರೆ ಯಾರನ್ನೋ ನೆನಪು ಮಾಡ್ಕೊಳ್ತಿದೀರಿ." ಇನ್ನೊಬ್ಬಳು, "ಬರೆದಿಟ್ಟವರ ಗತಿ ನೋಡಿದೀವಲ್ಲ, ಹೋಗಿ," ಎಂದಳು. ಸಭೆಯಲ್ಲಿ ಕೈ ಎತ್ತಿದ್ದಕ್ಕಿಂತ ಇದು ಹೆಚ್ಚು ಉರಿಯಿತು. ಅಲ್ಲಿ ಬೂದು ಕೋಟಿನವನು ಕೂತಿದ್ದ, ಇಲ್ಲಿ ನಾನೊಬ್ಬಳೇ ಇದ್ದೆ. ಪೆಲಗೇಯಾ ಅಜ್ಜಿ ತನ್ನ ಮೂವರ ಹೆಸರನ್ನು ನನ್ನ ಕಿವಿಯಲ್ಲಿ ಹೇಳಿ, ಅದೇ ವರ್ಷ ತೀರಿಕೊಂಡಳು.

ಐವತ್ತಾರರಲ್ಲಿ ಸರ್ಕಾರವೇ ಹಿಂದಿನ ತಪ್ಪುಗಳನ್ನು ಒಪ್ಪಿಕೊಂಡ ಮೇಲೆ ಜನ ಜೋರಾಗಿ ಅಲ್ಲದಿದ್ದರೂ ಮಾತಾಡತೊಡಗಿದರು. ಐವತ್ತೇಳರ ಬೇಸಿಗೆಯ ಹೊತ್ತಿಗೆ ನೂರ ಅರವತ್ತಮೂರು ಹೆಸರು ಸೇರಿದ್ದವು. ಮೂವತ್ತನೇ ಮನೆ ಪೂರ್ತಿ ಖಾಲಿ ಇತ್ತು. ಆ ಮನೆಗೆ ಆಮೇಲೆ ಗುಂಡು ಬಿದ್ದು, ಉಳಿದವರು ಎಲ್ಲೆಲ್ಲೋ ಚದುರಿ ಹೋಗಿದ್ದರು. ನಲವತ್ತರ ಆಚೆಯ ಮನೆಗಳಲ್ಲೂ ಬಹಳ ಹೆಸರು ಬಾಕಿಯಿದ್ದವು.

ಆ ಜೂನಿನಲ್ಲಿ ರಿಮ್ಮಾಳಿಗೆ, ಅವಳಾಗಲೇ ಡಾಕ್ಟರು, ಊರಂಚಿನ ಹೊಸ ಕಟ್ಟಡದಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ಸಾಮಾನು ಒಯ್ಯಲು ಲಾರಿ ಬರುವ ದಿನ ನಾನು ಬೇಕೆಂದೇ ಹೊರಗೆ ಹೋಗಿದ್ದೆ. ಮಧ್ಯಾಹ್ನ ಬಂದು ನೋಡಿದರೆ ಲಾರಿ ಇನ್ನೂ ಬಂದಿರಲಿಲ್ಲ. ಕಾಪಾ ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಪತ್ರಿಕೆ ಸುತ್ತುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎಂಟು ವರ್ಷ ಅವಳನ್ನು ನೇರವಾಗಿ ನೋಡಿರಲಿಲ್ಲ, ಹಾಗಾಗಿ ಅದು ಯಾವಾಗ ಆಯಿತೋ ನನಗೆ ಗೊತ್ತಿಲ್ಲ.

"ಹೋಗ್ತಿದೀನಿ," ಎಂದಳು.

ನಾನು ಕೆಟಲಿಗೆ ನೀರು ತುಂಬಿದೆ.

"ನಲವತ್ತೆರಡರಲ್ಲಿ ನಿನ್ನ ಎಬ್ಬಿಸಿದ್ದು ನಾನೇ ಅಲ್ವಾ. ಅದನ್ನೂ ಎಲ್ಲಾದ್ರೂ ಬರ್ಕೋ, ಬರೆಯೋಳು ನೀನು."

"ಬರ್ದಿದೀನಿ," ಎಂದೆ. ನಿಜವಾಗಿಯೂ ಬರೆದಿದ್ದೆ. ಮಾತು ಹೇಗೂ ಬಾಯಿಂದ ಬಿದ್ದಾಗಿತ್ತು. "ಮೂವತ್ತನೇ ಮನೆ. ಎರಡನೇ ಮೆಟ್ಟಿಲುಸಾಲಿನ ಕಡೆ ಯಾರ್ಯಾರಿದ್ರು, ನೆನಪಿದೆಯಾ ನಿನಗೆ?"

ಅವಳು ಕೈಯಲ್ಲಿದ್ದ ಬಾಣಲೆಯನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಳು. ಕಣ್ಣು ಮುಚ್ಚಿದಳು. "ಮೊದಲನೇ ಮಹಡಿ. ಯೆವ್ದೋಕಿಮ್ ಸವ್ವಿಚ್, ಗಡಿಯಾರ ರಿಪೇರಿ, ಅರವತ್ತೊಂದು, ಜನವರಿ ನಾಲ್ಕು. ಅವನ ಹೆಂಡ್ತಿ ಗ್ಲಿಕೇರಿಯಾ, ಜನವರಿ ಆರು. ಎದುರು ಕೋಣೆ..." ನಾನು ಪೆನ್ಸಿಲ್ ಹುಡುಕಿ, ಅವಳ ಪಾತ್ರೆಗೆಂದು ಇಟ್ಟಿದ್ದ ಪತ್ರಿಕೆಯ ಅಂಚಿನಲ್ಲೇ ಬರೆದುಕೊಂಡೆ. ಹದಿನಾಲ್ಕು ಹೆಸರು. ವಯಸ್ಸು, ದಿನ, ಕಸುಬು, ಒಂದೂ ತಡವರಿಸಲಿಲ್ಲ. ಆರ್ಸೇನಿ ಇಟ್ಟ ಕ್ರಮದಲ್ಲೇ ಹೇಳಿದಳು.

"ಬಾಯಿಪಾಠ ಮಾಡಿದೀಯ," ಎಂದೆ.

"ಕಲ್ಲಿದ್ದಲ ಮೇಲೆ ಕೂತ್ಕೊಂಡು ಓದ್ದೆ. ಸಿಕ್ಕಷ್ಟು."

"ಎಂಟು ವರ್ಷ ಈ ಗೋಡೆಯಾಚೆ ಇದನ್ನ ಇಟ್ಕೊಂಡು ಕೂತಿದ್ಯಾ? ನಾನು ಮನೆಮನೆ ತಿರುಗಿ ಬೈಸ್ಕೊಂಡು ಬರೋದು ನೋಡ್ತಿದ್ದೆ ನೀನು."

"ನೋಡ್ತಿದ್ದೆ. ಬಾಗಿಲ ತನಕ ಬಂದು ಎಷ್ಟೋ ಸಲ ವಾಪಸ್ ಹೋದೆ. ಹೇಳಿದ್ರೆ ನನ್ನ ಕ್ಷಮಿಸ್ತಿದ್ಯಾ?"

"ಇಲ್ಲ."

"ಮತ್ತೆ," ಎಂದು ಅವಳು ಬಾಣಲೆಗೆ ಪತ್ರಿಕೆ ಸುತ್ತಿದಳು.

ಕೆಳಗೆ ಲಾರಿಯ ಹಾರ್ನ್ ಕೇಳಿಸಿತು. ರಿಮ್ಮಾ ಒಳಗೆ ಬಂದು, ನಮ್ಮಿಬ್ಬರನ್ನೂ ನೋಡಿ, ಬಾಗಿಲಲ್ಲೇ ನಿಂತು, "ಹೋಗ್ಬರ್ತೀವಿ, ತಾಸಿಯಾ ಮತ್ವೆಯೆವ್ನಾ," ಎಂದಳು. ಚಿಕ್ಕಮ್ಮ ಎನ್ನಲಿಲ್ಲ. ಕಾಪಾ ಒಂದು ಚೀಟಿಯಲ್ಲಿ ಹೊಸ ಮನೆಯ ವಿಳಾಸ ಬರೆದು ಒಲೆಯ ಮೇಲಿಟ್ಟಳು. "ನಲವತ್ತರ ಮೇಲಿನ ಮನೆಗಳೂ ನೆನಪಿವೆ. ಯಾವಾಗಾದ್ರೂ ಬಾ. ಚಹಾ ಬೇಡ ಅಂದ್ರೆ ಬೇಡ, ಬರ್ಕೊಂಡು ಹೋಗು."

ಚೀಟಿಯನ್ನು ನಾನು ಎಸೆಯಲಿಲ್ಲ. ನಕ್ಷೆಯ ಪೆಟ್ಟಿಗೆಯಲ್ಲಿಟ್ಟೆ. ಹೋಗಲು ಎರಡು ಟ್ರಾಮ್ ಬದಲಿಸಬೇಕು, ಒಂದು ಗಂಟೆಯ ದಾರಿ. ಮುಂದಿನ ಭಾನುವಾರ ಹೋಗೋಣ ಎಂದುಕೊಳ್ಳುವೆ. ಭಾನುವಾರ ಬಂದಾಗ, ಅವಳ ಮುಂದೆ ಪೆನ್ಸಿಲ್ ಹಿಡಿದು ಕೂರುವುದನ್ನು ನೆನೆಸಿಕೊಳ್ಳುವೆ. ಕಥೆ ಓದುವ ಆ ತಿಳಿಯಾದ ದನಿ ಕಿವಿಗೆ ಬರುವುದು. ಕೋಟು ಹಾಕಿಕೊಂಡವಳು ಮತ್ತೆ ಕಳಚಿಡುವೆ. ಎರಡು ಚಳಿಗಾಲ ಹೀಗೇ ಕಳೆದವು.

ಐವತ್ತೊಂಬತ್ತರ ಮಾರ್ಚಿನಲ್ಲಿ ರಿಮ್ಮಾಳ ಪತ್ರ ಬಂತು. ಎರಡೇ ಸಾಲು. ಅಮ್ಮನಿಗೆ ಲಕ್ವ ಹೊಡೆಯಿತು, ಮೂರು ದಿನ ಮಾತಿಲ್ಲದೆ ಇದ್ದಳು, ಹೋದಳು.

ನನ್ನ ಪಟ್ಟಿ ನೂರ ಎಪ್ಪತ್ತೇಳಕ್ಕೆ ನಿಂತಿದೆ. ಉಳಿದ ಮೂವತ್ತೇಳು ಹೆಸರು ಕಾಪಾಳಿಗೆ ಗೊತ್ತಿದ್ದವು. ಅವಳು ಕೊಡುತ್ತೇನೆಂದಳು, ನಾನು ಹೋಗಲಿಲ್ಲ. ನೋಟ್‌ಬುಕ್ ಸುಟ್ಟವಳು ಅವಳು. ಈ ಮೂವತ್ತೇಳರ ಮಾತು ಬಂದಾಗ ಅವಳನ್ನು ದೂರಲು ನನಗೆ ಬಾಯಿಲ್ಲ.